30 ಸೆಕೆಂಡಿಗೆ 150 ಡಾಲರ್: ಅಮೇರಿಕಾ ಲೈಬ್ರರಿ ಪುರಾಣ

ಅಮೇರಿಕಾದ ಯೂನಿವರ್ಸಿಟಿ ಲೈಬ್ರರಿಗಳಿಗೆ ಸ್ಟ್ರೀಮಿಂಗ್ ವಿಡಿಯೋ ಬಂದಾಗ ಎಲ್ರೂ ಅಂದ್ಕೊಂಡಿದ್ದು ಒಂದೇ, ಇನ್ಮೇಲೆ ಕೆಲಸ ಕಮ್ಮಿ ಆಗುತ್ತೆ ಅಂತ. ಡಿವಿಡಿ ತರಿಸೋದು ಬೇಡ, ಬಾರ್‌ಕೋಡ್ ಅಂಟಿಸೋದು ಬೇಡ, ಗೀರು ಬಿದ್ದ ಡಿಸ್ಕ್ ಒರೆಸ್ಕೊಂಡು ಕೂರೋದು ಬೇಡ, ಕ್ಲಿಕ್ ಮಾಡಿದ್ರೆ ಸಿನಿಮಾ. ನಮ್ಮ ಆಫೀಸುಗಳಿಗೆ ಕಂಪ್ಯೂಟರ್ ಬಂದಾಗ ಇನ್ಮೇಲೆ ಪೇಪರ್ರೇ ಇರಲ್ಲ ಅಂದ್ಬಿಟ್ಟು, ಆಮೇಲೆ ಅದೇ ಅರ್ಜಿನ ಆನ್‌ಲೈನಲ್ಲಿ ಹಾಕಿ ಪ್ರಿಂಟ್ ತೆಗೆದು ಮೂರು ಜೆರಾಕ್ಸ್ ಜೊತೆ ಕೌಂಟರಿಗೆ ತನ್ನಿ ಅಂದ್ರಲ್ಲ, ಅದೇ ಕಥೆ ಅಲ್ಲಿ ಡಾಲರಲ್ಲಿ ನಡೀತಿದೆ.

ಮುಂಚೆ ಡಿವಿಡಿ ಕೊಂಡ್ರೆ ಅದು ಲೈಬ್ರರಿದು, ಅಷ್ಟೇ. ಅಲ್ಲಿನ ಕಾಪಿರೈಟ್ ಕಾಯ್ದೆಯ 109ನೇ ಸೆಕ್ಷನ್ ಪ್ರಕಾರ ದುಡ್ಡು ಕೊಟ್ಟು ತಂದ ಡಿಸ್ಕನ್ನ ಎರವಲು ಕೊಡೋಕೆ ಯಾರನ್ನೂ ಕೇಳ್ಬೇಕಾಗಿಲ್ಲ. ಎಂ.ಎಸ್. ಮಾಡೋಕೆ ಹೋಗಿ ಕೌಂಟರಲ್ಲಿ ಪಾರ್ಟ್ ಟೈಂ ಕೂತಿರೋ ನಮ್ಮ ದಾವಣಗೆರೆ ಹುಡುಗ ಒಂದ್ಸಲ ಬೀಪ್ ಅನ್ಸಿ ಕೈಗೆ ಕೊಟ್ರೆ ಕೆಲಸ ಮುಗೀತು.

ಈಗ ನೋಡಿ ಪ್ರಗತಿ. ಸೆಮಿಸ್ಟರ್ ಶುರುವಾಗೋ ಹಿಂದಿನ ಭಾನುವಾರ ರಾತ್ರಿ ಹನ್ನೊಂದು ಗಂಟೆಗೆ ಪ್ರೊಫೆಸರ್ ಒಬ್ರು ಮೇಲ್ ಹಾಕ್ತಾರೆ, ಮಂಗಳವಾರದ ಕ್ಲಾಸಿಗೆ ಈ ಡಾಕ್ಯುಮೆಂಟರಿ ಬೇಕು ಅಂತ. ಸೋಮವಾರ ಬೆಳಿಗ್ಗೆ ಲೈಬ್ರರಿಯವ್ರು ಒಬ್ರು ಕ್ಯಾನೊಪಿ ಅಂತ, ಲೈಬ್ರರಿಗಳಿಗೆ ಸಿನಿಮಾ ಸ್ಟ್ರೀಮ್ ಮಾಡೋ ಕಂಪನಿ ಸೈಟಲ್ಲಿ ಹುಡುಕ್ತಾರೆ, ಇಲ್ಲ. ಅದೇ ಥರದ ಇನ್ನೊಂದು ಕಂಪನಿ ಅಲೆಕ್ಸಾಂಡರ್ ಸ್ಟ್ರೀಟಲ್ಲಿ ನೋಡ್ತಾರೆ, ಅಲ್ಲೂ ಇಲ್ಲ. ಮತ್ತೊಂದು ಕಂಪನಿ ಸ್ವಾಂಕ್‌ನಲ್ಲಿ ಹಾಲಿವುಡ್ ಸಿನಿಮಾ ಬೇಕಾದಷ್ಟಿದೆ, ಇದಿಲ್ಲ. ಹುಡುಕಿ ಹುಡುಕಿ ಕೊನೆಗೆ ಗೊತ್ತಾಗೋದೇನು ಅಂದ್ರೆ ಡಿಸ್ಟ್ರಿಬ್ಯೂಟರ್ ಕಂಪನಿ ಬಾಗಿಲು ಹಾಕಿ ಎಷ್ಟೋ ಕಾಲ ಆಗಿದೆ, ಹಕ್ಕು ಡೈರೆಕ್ಟರ್ ಹತ್ರಾನೇ ಇದೆ, ಆ ಯಮ್ಮ ಪಾಪ ತುಂಬ ಒಳ್ಳೆಯವ್ರು, ಕೊಡ್ತೀನಿ ಅಂತಾರೆ, ಆದ್ರೆ ಅವ್ರು ಯೂನಿವರ್ಸಿಟಿ ವೆಂಡರ್ ಲಿಸ್ಟಲ್ಲಿ ಇಲ್ವಲ್ಲ, ಸೋ ಮೊದಲು ವೆಂಡರ್ ಫಾರ್ಮ್ ತುಂಬ್ಬೇಕು, ಟ್ಯಾಕ್ಸ್ ನಂಬರ್ ಕೊಡ್ಬೇಕು, ಅಗ್ರಿಮೆಂಟ್ ಲಾಯರ್ ಟೇಬಲ್ಲಿಗೆ ಹೋಗ್ಬೇಕು, ಲಾಯರ್ ರಜದಲ್ಲಿದ್ದಾರೆ. ಅದಾದ್ಮೇಲೆ ಕ್ಯಾಟಲಾಗ್‌ನವ್ರು ರೆಕಾರ್ಡ್ ಹಾಕ್ಬೇಕು, ಇನ್ನೊಬ್ರು ಸ್ಟೂಡೆಂಟ್ಸ್ ಮನೆಯಿಂದ್ಲೂ ಲಾಗಿನ್ ಆಗಿ ನೋಡೋ ಹಂಗೆ ಪ್ರಾಕ್ಸಿ ಲಿಂಕ್ ಮಾಡ್ಬೇಕು, ಮತ್ತೊಬ್ರು ಕ್ಯಾಪ್ಷನ್ ಇದ್ಯಾ ನೋಡ್ಬೇಕು, ಲೈಸೆನ್ಸ್ ಯಾವತ್ತು ಮುಗಿಯುತ್ತೆ ಅನ್ನೋದನ್ನ ಎಕ್ಸೆಲ್ ಶೀಟಲ್ಲಿ ಬರೆದಿಡ್ಬೇಕು. ಆ ಶೀಟ್ ಯಾರ ಜವಾಬ್ದಾರಿ ಅಂತ ಮಾತ್ರ ಕೇಳ್ಬೇಡಿ.

ಮುಂದಿನ ವರ್ಷ ಅದೇ ಪ್ರೊಫೆಸರ್ ಲಿಂಕ್ ಒತ್ತಿದ್ರೆ ಖಾಲಿ ಸ್ಕ್ರೀನು. "ಹೋದ ವರ್ಷ ಇತ್ತಲ್ರೀ?" ಇತ್ತು ಸಾರ್, ಬಾಡಿಗೆಗಿತ್ತು.

ಇಷ್ಟಕ್ಕೂ ಹೊಸಬ್ರನ್ನ ತಗೊಂಡ್ರಾ ಅಂದ್ರೆ, ಛೇ ಛೇ. ಡಿವಿಡಿ ನೋಡ್ಕೊಳ್ತಿದ್ದವ್ರಿಗೇ ಸ್ಟ್ರೀಮಿಂಗ್ ಮೀಡಿಯಾ ಕೋಆರ್ಡಿನೇಟರ್ ಅಂತ ಉದ್ದ ಹೆಸರು ಇಟ್ರು, ಸಂಬಳ ಹಳೇದೇ. ಹೆಸರಿಗೇನು ಖರ್ಚಿಲ್ವಲ್ಲ.

ಕಾನೂನಿನ ತಮಾಷೆ ಇನ್ನೂ ಚೆನ್ನಾಗಿದೆ. ಕ್ಲಾಸ್ ರೂಮಲ್ಲಿ ಎದುರಾಎದುರು ಪಾಠ ಮಾಡೋವಾಗ ಪೂರ್ತಿ ಸಿನಿಮಾ ತೋರಿಸ್ಬಹುದು, ತಂಟೆ ಇಲ್ಲ. ಅದೇ ಮೇಷ್ಟ್ರು ಅದೇ ಮಕ್ಕಳಿಗೆ ಅದೇ ಸಿನಿಮಾನ ಆನ್‌ಲೈನ್ ಕ್ಲಾಸಲ್ಲಿ ತೋರಿಸ್ತೀನಿ ಅಂದ್ರೆ ಆನ್‌ಲೈನ್ ಪಾಠಕ್ಕೆ ಅಂತಾನೇ ಬಂದ 2002ರ ಟೀಚ್ ಆಕ್ಟ್ ಅನ್ನೋ ಕಾಪಿರೈಟ್ ಕಾನೂನು ಅಡ್ಡ ಬಂದು, ಕಥಾಚಿತ್ರ ಆದ್ರೆ "ಸಮಂಜಸವಾದ, ಸೀಮಿತ ಭಾಗ" ಮಾತ್ರ ಅನ್ನುತ್ತೆ. ಅಂದ್ರೆ ಇಂಟರ್ವಲ್‌ವರೆಗಾ, ಬರೀ ಫೈಟ್ ಸೀನಾ, ಅದು ನಿಮ್ಮ ಹಣೆಬರಹ. ಯುಸಿಎಲ್‌ಎ ಯೂನಿವರ್ಸಿಟಿಯವ್ರು ತಾವೇ ಕೊಂಡ ಡಿವಿಡಿಗಳನ್ನ ತಮ್ಮ ಸ್ಟೂಡೆಂಟ್ಸಿಗೇ ಸ್ಟ್ರೀಮ್ ಮಾಡಿದ್ರು ಅಂತ 2010ರಲ್ಲಿ ಕೇಸ್ ಬಿತ್ತು. 2012ರಲ್ಲಿ ಕೋರ್ಟ್ ಅದನ್ನ ವಜಾ ಮಾಡ್ತು, ಆದ್ರೆ ಹಿಂಗ್ ಮಾಡೋದು ಸರಿನಾ ತಪ್ಪಾ ಅನ್ನೋದು ಪೂರ್ತಿ ಇತ್ಯರ್ಥ ಆಗ್ಲೇ ಇಲ್ಲ, ಲಾಯರ್‌ಗಳಿಗೆ ಅನ್ನ ಉಳೀತು. "ನೆಟ್‌ಫ್ಲಿಕ್ಸ್‌ದೇ ಒಂದು ಅಕೌಂಟ್ ತಗೊಳ್ರಪ್ಪ" ಅನ್ನೋ ಪ್ರೊಫೆಸರ್‌ಗಳೂ ಇದ್ದಾರೆ. ಅದು ಮನೆ ಬಳಕೆಗೆ ಮಾತ್ರ ಸ್ವಾಮಿ, ಲೈಬ್ರರಿಗೆ ಅಂತ ಅವ್ರು ಅಕೌಂಟ್ ಮಾರೋದೇ ಇಲ್ಲ.

ಆದ್ರೆ ನನಗೆ ನಿಜವಾಗ್ಲೂ ಕೈ ಮುಗಿಬೇಕು ಅನ್ಸಿದ್ದು ಕ್ಯಾನೊಪಿಯವ್ರು ಹೆಸರು ಮಾಡಿದ ಲೆಕ್ಕಾಚಾರಕ್ಕೆ. ಸಾವಿರಾರು ಸಿನಿಮಾ ಸುಮ್ನೆ ತೆರೆದಿಡ್ತಾರೆ, ಸ್ಟೂಡೆಂಟ್ಸ್‌ಗೆ ಎಲ್ಲಾ ಫ್ರೀ. ಒಂದು ಸಿನಿಮಾನ ಮೂರ್ನಾಲ್ಕು ಸಲ ಯಾರಾದ್ರೂ 30 ಸೆಕೆಂಡಿಗಿಂತ ಜಾಸ್ತಿ ಓಡಿಸಿದ್ರೆ ಸಾಕು, ತಂತಾನೇ ಲೈಬ್ರರಿ ತಲೆ ಮೇಲೆ ಒಂದು ವರ್ಷದ ಲೈಸೆನ್ಸ್ ಬೀಳುತ್ತೆ, ಮಾಮೂಲಿ ರೇಟು 150 ಡಾಲರ್ ಇತ್ತು. ರಾತ್ರಿ ಎರಡು ಗಂಟೆಗೆ ಹಾಸ್ಟೆಲಲ್ಲಿ ನಾಲ್ಕು ಹುಡುಗ್ರು ಟೈಟಲ್ ಕಾರ್ಡ್ ನೋಡ್ತಾನೇ ಗೊರಕೆ ಹೊಡೆದ್ರೂ ಬಿಲ್ ಬಿಲ್ಲೇ. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ವೀರಭದ್ರ.

ಗ್ರಂಥಾಲಯ ಶಾಸ್ತ್ರದ ಪಿತಾಮಹ ಎಸ್.ಆರ್. ರಂಗನಾಥನ್, 1962ರಲ್ಲಿ ನಮ್ಮ ಬೆಂಗಳೂರಲ್ಲೇ ಡಿಆರ್‌ಟಿಸಿ ಅನ್ನೋ ಗ್ರಂಥಾಲಯ ಶಾಸ್ತ್ರದ ಸಂಶೋಧನೆ, ತರಬೇತಿ ಕೇಂದ್ರ ಕಟ್ಟಿದವ್ರು, 1931ರಲ್ಲೇ ಐದು ಸೂತ್ರ ಕೊಟ್ಟಿದ್ರು. ಪ್ರತಿ ಓದುಗನಿಗೂ ಅವನ ಪುಸ್ತಕ ಅನ್ನೋದು ಎರಡನೇದು. ಅದೀಗ ಪ್ರತಿ ನೋಡುಗನಿಗೂ ಒಂದು ಇನ್‌ವಾಯ್ಸ್ ಅಂತ ಆಗಿದೆ. ಓದುಗರ ಸಮಯ ಉಳಿಸಿ ಅನ್ನೋದು ನಾಲ್ಕನೇದು, ಸಿಬ್ಬಂದಿ ಸಮಯ ಉಳಿಸಿ ಅಂತ ಮಾತ್ರ ಆ ಐದರಲ್ಲಿ ಬೇರೆ ಸೂತ್ರ ಇಲ್ಲ, ಇಂಥಾ ದಿನ ಬರುತ್ತೆ ಅಂತ ಅವ್ರಿಗೇನು ಕನಸು ಬಿದ್ದಿತ್ತಾ.

ಹಂಗಾಗಿ ಮಜಾ ಏನಾಯ್ತು ಅಂದ್ರೆ, ಜನ ನೋಡ್ಲಿಲ್ಲ ಅಂದ್ರೆ ಯಾಕ್ರೀ ಇದು ಅಂತ ಬೈಗುಳ, ನೋಡಿದ್ರೆ ದಿವಾಳಿ. ನ್ಯೂಯಾರ್ಕ್ ಸಿಟಿಯ ಮೂರೂ ಪಬ್ಲಿಕ್ ಲೈಬ್ರರಿ ಸಂಸ್ಥೆಗಳು ಖರ್ಚು ತಾಳಲಾರದೆ 2019ರ ಜುಲೈನಲ್ಲಿ ಕ್ಯಾನೊಪಿಗೆ ಕೈ ಮುಗಿದ್ವು. ಎಷ್ಟೋ ಯೂನಿವರ್ಸಿಟಿ ಲೈಬ್ರರಿಗಳು ಆ ಫ್ರೀ ನಲ್ಲಿನ ತಿರುಗಿಸಿ ನಿಲ್ಲಿಸಿ, ಅದರ ಜಾಗದಲ್ಲಿ ಒಂದು ಫಾರ್ಮ್ ಇಟ್ಟಿವೆ: ಯಾವ ಕೋರ್ಸು, ಎಷ್ಟು ಜನ, ಯಾವ ವಾರ, ಬೇರೆ ಯಾವ್ದಾದ್ರೂ ಸಿನಿಮಾ ನಡೆಯುತ್ತಾ. ಸಿನಿಮಾ ತೋರಿಸೋಕೆ ಅಂತ ಇದ್ದ ಸಿಬ್ಬಂದಿಗೆ ಈಗ ಯಾರೂ ನೋಡದ ಹಂಗೆ ಕಾಯೋ ಡ್ಯೂಟಿ. ಫಾರ್ಮ್ ಐದು ಟೇಬಲ್ ದಾಟಿ ಓಕೆ ಆಗಿ ಬರೋ ಹೊತ್ತಿಗೆ ಹುಡುಗ ಅದನ್ನ ಟೆಲಿಗ್ರಾಂನಲ್ಲಿ ನೋಡಿ, ಅಸೈನ್‌ಮೆಂಟ್ ಬರೆದು, ಎ ಗ್ರೇಡ್ ತಗೊಂಡು ಸಮ್ಮರ್ ರಜಕ್ಕೆ ಊರಿಗೆ ಟಿಕೆಟ್ ಬುಕ್ ಮಾಡಿರ್ತಾನೆ.