ಹೆಬ್ಬೆರಳಿನ ಪಕ್ಕದ ಚುಕ್ಕೆ

ನಿನ್ನೆ ರಾತ್ರಿ ಹನ್ನೊಂದೂಕಾಲಿಗೆ ದಿಂಬಿನ ಪಕ್ಕದಲ್ಲಿದ್ದ ಮೊಬೈಲ್ ಹದಿನಾಲ್ಕು ಸಲ ನಡುಗಿತು. ಆ ಹೊತ್ತಿನಲ್ಲಿ ಹದಿನಾಲ್ಕು ಸಂದೇಶ ಬಂದರೆ ಯಾರಿಗೋ ಏನೋ ಆಗಿರಬೇಕು. ಎದೆ ಹಿಡಿದುಕೊಂಡು ತೆರೆದೆ. ಭಾವ ಕಳುಹಿಸಿದ ಫೋಟೋಗಳು. ಹದಿನಾಲ್ಕರಲ್ಲೂ ಒಂದೇ ತಟ್ಟೆ, ತಟ್ಟೆಯಲ್ಲಿ ಅರ್ಧ ಬಾಳೆಹಣ್ಣು, ಹಣ್ಣಿನ ಮೇಲೆ ಪೆನ್ನಿನಿಂದ ಶಾಯಿ ಸಿಡಿದಂಥ ಒಂದು ಚುಕ್ಕೆ. ಕೆಳಗೆ ಒಂದೇ ಸಾಲು: "ಇದು ಯಾವ ನೊಣ? ಬೇಗ ಹೇಳು."

ಬೇಗ ಏಕೆ? ನೊಣಕ್ಕೆ ರೈಲು ತಪ್ಪುತ್ತಿತ್ತೇ?

ನಾನು ಮಾಡಿದ ತಪ್ಪು ಇಷ್ಟೇ. ಪ್ರಾಣಿಶಾಸ್ತ್ರ ಓದುವಾಗ ಎರಡು ವರ್ಷ ಡ್ರೊಸೊಫಿಲಾ ಎಂಬ ಹಣ್ಣುನೊಣಗಳನ್ನು ಎಣಿಸಿದ್ದೆ. ಆಮೇಲೆ ಹೊಟ್ಟೆಪಾಡಿಗೆ ಬೇರೆಯದೇ ಕೆಲಸ ಹಿಡಿದೆ. ಆದರೂ ಡಾಕ್ಟರು ಕಂಡಲ್ಲೆಲ್ಲ ನೆಂಟರು ನಾಲಿಗೆ ಚಾಚಿ ತೋರಿಸುವಂತೆ, ನಾನು ಕಂಡಲ್ಲೆಲ್ಲ ಜನ ನೊಣ ತೋರಿಸುತ್ತಾರೆ. ಹೂಕುಂಡದ ಮಣ್ಣಿನಿಂದೆದ್ದ ಕಪ್ಪು ನುಸಿ, ಬಚ್ಚಲ ಗೋಡೆಗೆ ಅಂಟಿಕೊಂಡ ರೋಮಗಂಬಳಿಯಂಥ ನೊಣ, ಹಾರುವುದಕ್ಕಿಂತ ಓಡುವುದನ್ನೇ ಮೆಚ್ಚುವ ಗೂನುಬೆನ್ನಿನ ನೊಣ, ಎಲ್ಲವೂ ಅವರ ಲೆಕ್ಕದಲ್ಲಿ ಹಣ್ಣುನೊಣವೇ. ಇವರನ್ನೆಲ್ಲ ಹೇಗೋ ಸಂಭಾಳಿಸಬಹುದು. ಭಾವನನ್ನು ಆಗುವುದಿಲ್ಲ.

ಮೊದಮೊದಲು ಅವರು ಬರೀ ನೊಣದ ಫೋಟೋ ಕಳುಹಿಸುತ್ತಿದ್ದರು. ಅಳತೆ ತಿಳಿಯುತ್ತಿರಲಿಲ್ಲ. ಹದ್ದು ಎಂದರೂ ನಂಬಬಹುದಿತ್ತು. "ಅಳತೆಗೆ ಪಕ್ಕದಲ್ಲಿ ಏನನ್ನಾದರೂ ಇಡಿ ಭಾವ" ಎಂದೆ. ಅಂದಿನಿಂದ ಹೆಬ್ಬೆರಳು ಬಂತು. ಕ್ಯಾಮೆರಾ ಲೋಕದ ನ್ಯಾಯವನ್ನೇ ಪಾಲಿಸುತ್ತದೆ, ದೊಡ್ಡವರು ಎದುರಿಗಿದ್ದರೆ ಚಿಕ್ಕವರತ್ತ ನೋಡುವುದಿಲ್ಲ. ಉಗುರಿನ ಬುಡದ ಅರ್ಧಚಂದ್ರ, ಚಾಕು ತಾಗಿದ ಹಳೆಯ ಗಾಯ, ಬೆರಳಚ್ಚಿನ ಒಂದೊಂದು ಸುಳಿ, ಎಲ್ಲವೂ ಕನ್ನಡಿಯಂತೆ ಸ್ಪಷ್ಟ. ಎರಡು ಮೂರು ಮಿಲಿಮೀಟರಿನ ನೊಣ ಮಾತ್ರ ಹಿಂದೆಲ್ಲೋ ಮಂಜಿನಲ್ಲಿ. ನಾಳೆ ಪೊಲೀಸರು ಬಂದು ಕೇಳಿದರೆ ಭಾವನ ಹೆಬ್ಬೆರಳನ್ನು ಸಾವಿರ ಬೆರಳುಗಳ ನಡುವೆ ಗುರುತಿಸಿಕೊಡಬಲ್ಲೆ. ನೊಣದ ಬಗ್ಗೆ ನಾಲಗೆ ಏಳುವುದಿಲ್ಲ.

"ನೊಣ ಎಲ್ಲಿದೆ ಭಾವ, ಕಾಣುತ್ತಿಲ್ಲ" ಎಂದೆ. ಮರುದಿನದಿಂದ ಕೆಂಪು ವೃತ್ತ ಶುರುವಾಯಿತು. ಅದೇ ಹೆಬ್ಬೆರಳಿನಿಂದ ಪರದೆಯ ಮೇಲೆ ಬಳಿದ ವೃತ್ತ. ಬೆರಳು ದಪ್ಪ, ನೊಣ ಸಣ್ಣದು, ಹಾಗಾಗಿ ನೊಣ ವೃತ್ತದ ಒಳಗಲ್ಲ, ಬಣ್ಣದ ಅಡಿಯಲ್ಲಿ. "ಕಣ್ಣು ಕೆಂಪಗಿದೆಯೇ?" ಎಂದು ಕೇಳಿದ್ದು ನಾನೇ. ಈಗ ಕಂಡದ್ದೆಲ್ಲ ಕೆಂಪೇ.

ಸಾಲದ್ದಕ್ಕೆ ಹೊಸ ಮೊಬೈಲ್ ಕೊಂಡರು. ಮನುಷ್ಯರ ಮುಖದ ಸುಕ್ಕು, ಮೊಡವೆ ಅಳಿಸಿ ನುಣುಪು ಮಾಡುವ ಸೌಲಭ್ಯ ಅದಕ್ಕಿದೆ. ನೊಣದ ಜಾತಕವೆಲ್ಲ ಇರುವುದು ಮೈಮೇಲಿನ ಬಿರುಗೂದಲಿನಲ್ಲಿ, ರೆಕ್ಕೆಯಂಚಿನ ನರ ಎಲ್ಲಿ ತುಂಡಾಗಿದೆ ಎಂಬುದರಲ್ಲಿ, ಮೀಸೆಯ ತುದಿಯ ಗರಿಯಲ್ಲಿ. ಮೊಬೈಲ್ ಅದಕ್ಕೂ ಕ್ಷೌರ ಮಾಡಿ, ಮುಖಕ್ಕೆ ಕಾಂತಿ ಹಚ್ಚಿ ಕಳುಹಿಸುತ್ತದೆ.

ಒಮ್ಮೆ ಮಾತ್ರ ನಾನು ಕುರ್ಚಿಯಿಂದ ಎದ್ದು ನಿಂತದ್ದುಂಟು. ಭಾವ ಕಳುಹಿಸಿದ ನೊಣದ ರೆಕ್ಕೆಯ ತುದಿಯಲ್ಲಿ ಕಪ್ಪು ಚುಕ್ಕೆ! ಡ್ರೊಸೊಫಿಲಾ ಸುಜುಕಿಯ ಗಂಡಿಗೆ ಅಂಥ ಚುಕ್ಕೆ ಇರುತ್ತದೆ. ಉಳಿದವು ಹೆಚ್ಚಾಗಿ ಕೊಳೆತ ಹಣ್ಣಿಗೆ ಮುತ್ತಿದರೆ, ಇದರ ಹೆಣ್ಣು ಗರಗಸದಂಥ ಅಂಗದಿಂದ ಗಿಡದಲ್ಲಿರುವ ಒಳ್ಳೆಯ ಹಣ್ಣನ್ನೇ ಸೀಳಿ ಮೊಟ್ಟೆ ಇಡುತ್ತದೆ. 2008ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲೂ ಯುರೋಪಿನಲ್ಲೂ ಕಾಣಿಸಿಕೊಂಡು ಬೆಳೆಗಾರರ ನಿದ್ದೆ ಕೆಡಿಸಿದ ಪ್ರಾಣಿ. ಬಯಾರ್ಮಿಪೆಸ್ ಎಂಬ ಇನ್ನೊಂದರ ಗಂಡಿಗೂ ರೆಕ್ಕೆಯಲ್ಲಿ ಚುಕ್ಕೆಯುಂಟು. ಇದೋ ಅದೋ ಎಂದು ಹಳೆಯ ಪುಸ್ತಕ ಕೆಳಗಿಳಿಸಿ ಧೂಳು ಕೊಡವಿದೆ, ಸೀನಿದೆ, ಬೆಳಗಿನ ಜಾವದವರೆಗೆ ತಿರುವಿದೆ. ಆಮೇಲೆ ಉಳಿದ ಫೋಟೋ ನೋಡಿದೆ. ತಟ್ಟೆಯ ಮೇಲೂ ಅದೇ ಚುಕ್ಕೆ. ಗೋಡೆಯ ಮೇಲೂ ಅದೇ ಚುಕ್ಕೆ. ಹಿಂದಿನ ವಾರ ಕಳುಹಿಸಿದ್ದ ಮೊಮ್ಮಗಳ ಫೋಟೋ ತೆಗೆದೆ, ಮಗುವಿನ ಮೂಗಿನ ಮೇಲೂ ಅದೇ ಚುಕ್ಕೆ.

"ಭಾವ, ಲೆನ್ಸ್ ಒರೆಸಿ."

"ಅದಿರಲಿ, ನೊಣದ ಹೆಸರೇನು?"

ಈ ಹೆಸರಿನ ಹಟವೇ ನನ್ನನ್ನು ಸುಸ್ತು ಮಾಡಿರುವುದು. ಡ್ರೊಸೊಫಿಲಾ ಕುಲವೊಂದರಲ್ಲೇ 1,500ಕ್ಕೂ ಹೆಚ್ಚು ಪ್ರಭೇದಗಳಿವೆ. ಬೆನ್ನ ಮೇಲೆ ಕಪ್ಪಂಚಿನ ಬಿಳಿ ಪಟ್ಟೆ ಎಳೆದುಕೊಂಡು ಬರುವ ಜಾಪ್ರಿಯೋನಸ್‌ನಂಥ ಸಜ್ಜನರು ಕಡಿಮೆ. ಅದು ಇವುಗಳ ನೆಂಟ, ಕುಲ ಬೇರೆ. ಪಟ್ಟೆ ನೋಡಿ ಕಣ್ಣುಮುಚ್ಚಿ ಹೇಳಬಹುದು. ಡ್ರೊಸೊಫಿಲಾದ ಮೆಲನೊಗ್ಯಾಸ್ಟರ್ ಮತ್ತು ಸಿಮ್ಯುಲನ್ಸ್ ಪ್ರಭೇದಗಳು ಹಾಗಲ್ಲ, ಅವಳಿಗಳು. 1910ರಲ್ಲಿ ತಳಿವಿಜ್ಞಾನಿ ಮಾರ್ಗನ್ ಬಿಳಿಗಣ್ಣಿನ ನೊಣ ಕಂಡ ಪ್ರಯೋಗಾಲಯದಲ್ಲಿ ಹಗಲಿರುಳು ನೊಣವನ್ನೇ ನೋಡುವವರಿದ್ದರು. ಆದರೂ ಸಿಮ್ಯುಲನ್ಸ್ ಬೇರೆಯೇ ಪ್ರಭೇದವೆಂದು ಅಲ್ಲಿನವರೇ ಆದ ಸ್ಟರ್ಟೆವಾಂಟ್ ಪ್ರಕಟಿಸಿದ್ದು 1919ರಲ್ಲಿ. ಖಚಿತವಾಗಿ ಹೇಳಬೇಕಾದರೆ ಗಂಡನ್ನು ಹಿಡಿದು, ಸೂಕ್ಷ್ಮದರ್ಶಕದ ಕೆಳಗಿಟ್ಟು, ಅದರ ಹಿಂಭಾಗದ ಜನನಾಂಗದ ಕಮಾನು ನೋಡಬೇಕು. ಇದನ್ನು ಭಾವನಿಗೆ ಬಿಡಿಸಿ ಬರೆದೆ. ಸ್ವಲ್ಪ ಹೊತ್ತು ಮೌನ. ಆಮೇಲೆ ಉತ್ತರ ಬಂತು: "ಇದು ಮನೆಯವರೆಲ್ಲ ಇರುವ ಗುಂಪು. ಮಾತಿನ ಮೇಲೆ ನಿಗಾ ಇರಲಿ."

ಜೊತೆಗೆ ಯಾವುದೋ ಆ್ಯಪ್‌ನ ಉತ್ತರವೂ ಬಂತು: ಮೆಲನೊಗ್ಯಾಸ್ಟರ್. "ಅರೆಕ್ಷಣದಲ್ಲಿ ಹೇಳಿತು. ನೀನು ಎರಡು ವರ್ಷ ಏನು ಓದಿದೆ?" ಆ ಫೋಟೋದಲ್ಲಿ ಇದ್ದದ್ದು ದ್ರಾಕ್ಷಿಯ ತೊಟ್ಟು.

ಎರಡು ವರ್ಷ ಏನು ಓದಿದೆನೋ, ನೊಣಗಳಿಗೆ ಮತ್ತು ಬರಿಸುವ ಈಥರಿನ ವಾಸನೆ ಮಾತ್ರ ಇನ್ನೂ ಮೂಗಿನಲ್ಲಿದೆ. ಬಿಳಿಯ ಹೆಂಚಿನ ಮೇಲೆ ಮಲಗಿದ ನೊಣಗಳನ್ನು ಸಣ್ಣ ಕುಂಚದಿಂದ ಆಚೆ ಈಚೆ ಸರಿಸುವುದು, ಗಂಡು ಎಡಕ್ಕೆ, ಹೆಣ್ಣು ಬಲಕ್ಕೆ. ಹೊರಗೆ ಕತ್ತಲಾದದ್ದೂ ತಿಳಿಯುತ್ತಿರಲಿಲ್ಲ. ಸೂಕ್ಷ್ಮದರ್ಶಕದಲ್ಲಿ ಆ ಕಣ್ಣು ಮಾಣಿಕ್ಯದ ಹರಳುಗಳನ್ನು ಒತ್ತೊತ್ತಾಗಿ ಕೂಡಿಸಿದಂತೆ ಹೊಳೆಯುತ್ತಿತ್ತು. ಎಚ್ಚರವಾಗಿ ತಪ್ಪಿಸಿಕೊಂಡ ಒಂದೆರಡು ನನ್ನ ಕೂದಲಿನಲ್ಲಿ ಅಡಗಿ ಮನೆಗೂ ಬರುತ್ತಿದ್ದವು. "ನಿನ್ನ ಸಂಸಾರ ಬಂತು" ಎಂದು ಅಕ್ಕ ಹೆಕ್ಕಿ ತೆಗೆಯುತ್ತಿದ್ದಳು. ಈಗ ನೊಣ ಬಂದರೂ ಅಡಗಲು ಕೂದಲಿಲ್ಲ. ಹತ್ತಿರದ್ದು ಓದಲು ಕನ್ನಡಕವೂ ಬಂದಿದೆ. ಭಾವನ ಕೈಯೇ ನಡುಗುತ್ತದೋ ನನ್ನ ಕಣ್ಣೇ ಮಂಜೋ ಎಂದು ಒಮ್ಮೊಮ್ಮೆ ಅನುಮಾನವಾಗುತ್ತದೆ.

ಇಂದು ಬೆಳಿಗ್ಗೆ ಮತ್ತೊಂದು ಫೋಟೋ ಬಂತು. ಒಂದೇ ಒಂದು. ವಿನೆಗರ್ ಇಟ್ಟ ಬಟ್ಟಲಿನಲ್ಲಿ ಬಿದ್ದು ಸತ್ತ ನೊಣವನ್ನು ಬಿಳಿ ಕಾಗದದ ಮೇಲೆ ಮಗ್ಗುಲಾಗಿ ಮಲಗಿಸಿ, ಕಿಟಕಿಯ ಬೆಳಕಿನಲ್ಲಿ, ಲೆನ್ಸ್ ಒರೆಸಿ ತೆಗೆದ ಫೋಟೋ. ಹೆಬ್ಬೆರಳಿಲ್ಲ, ವೃತ್ತವಿಲ್ಲ. ಬಿರುಗೂದಲು ಎಣಿಸಬಹುದು, ರೆಕ್ಕೆಯ ನರ ಬೆರಳಿಟ್ಟು ತೋರಿಸಬಹುದು. ನನ್ನ ಕೈ ನಡುಗಿತು. ಹಿಗ್ಗಿಸಿ ನೋಡಿದೆ. ಹೊಟ್ಟೆಯ ತುದಿ ಚೂಪು. ಕರಿಯ ಗುಂಡು ಬಾಲವಿಲ್ಲ. ಮುಂಗಾಲಿನಲ್ಲಿ ಗಂಡಿಗಿರುವ ಬಾಚಣಿಗೆಯಂಥ ಬಿರುಗೂದಲ ಸಾಲಿಲ್ಲ. ಮೆಲನೊಗ್ಯಾಸ್ಟರೋ ಸಿಮ್ಯುಲನ್ಸೋ, ಬ್ರಹ್ಮನೇ ಹೇಳಬೇಕು.

"ಹೆಣ್ಣು" ಎಂದು ಬರೆದೆ.

"ಹೆಣ್ಣೋ ಗಂಡೋ ಎಂದು ಯಾರು ಕೇಳಿದರು?" ಎಂದರು ಭಾವ. "ಹೆಸರು ಹೇಳು."