ಹೊಸ ಮರದ ಹಳೇ ಗುಡಿ

ಜಪಾನಿನ ನಗೋಯಾದಿಂದ ರೈಲಿನಲ್ಲಿ ಒಂದೂವರೆ ಗಂಟೆ ಹೋದರೆ ಇಸೆ. 2015ರಲ್ಲಿ ಊರಿಂದ ಅಮ್ಮ ಬಂದಿದ್ದಾಗ ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಸಾವಿರದ ಮುನ್ನೂರು ವರ್ಷಗಳಿಂದ ಬಂದ ಗುಡಿ ಅಂತ ದಾರಿಯುದ್ದಕ್ಕೂ ಹೇಳಿದ್ದೇ ಹೇಳಿದ್ದು. ನೋಡಿದ ಮೇಲೆ ಅಮ್ಮ ಕೇಳಿದಳು: "ಇದು ನಮ್ಮ ಮನೆಗಿಂತ ಹೊಸದಲ್ವಾ?"

ಸುಳ್ಳಲ್ಲ. ಆ ಕಟ್ಟಡಕ್ಕೆ ಆಗ ಎರಡೇ ವರ್ಷ. ಇಸೆಯ ಗುಡಿಗಳನ್ನು ಇಪ್ಪತ್ತು ವರ್ಷಕ್ಕೊಮ್ಮೆ ಪಕ್ಕದ ಖಾಲಿ ಜಾಗದಲ್ಲಿ ಹಾಗೆಯೇ ಹೊಸದಾಗಿ ಕಟ್ಟಿ, ಹಳೆಯದನ್ನು ಬಿಚ್ಚುತ್ತಾರೆ. ಮೊದಲ ಸಲ ಹೀಗೆ ಮಾಡಿದ್ದು 690ರಲ್ಲಿ. ನಡುವೆ ಯುದ್ಧಗಳ ಕಾಲದಲ್ಲಿ ನೂರಿಪ್ಪತ್ತು ವರ್ಷಕ್ಕೂ ಜಾಸ್ತಿ ನಿಂತುಹೋಗಿತ್ತು. 2013ರದ್ದು 62ನೆಯದು. ಹಿನೋಕಿ ಮರದ ಕಂಬಗಳನ್ನು ಅಡಿಗಲ್ಲೂ ಇಲ್ಲದೆ ನೇರ ಮಣ್ಣಿಗೇ ಹೂಳುತ್ತಾರೆ. ಮೇಲೆ ದಪ್ಪ ಹುಲ್ಲಿನ ಮಾಡು. ಬಣ್ಣ ಇಲ್ಲ. ಇಂಥದ್ದು ಬಾಳುವುದೆಷ್ಟು ದಿನ? ಆದರೆ ಇಪ್ಪತ್ತರಲ್ಲಿ ಕೆಲಸ ಕಲಿತವನು ನಲವತ್ತರಲ್ಲಿ ಅದೇ ಕೆಲಸವನ್ನು ಮುಂದೆ ನಿಂತು ಮಾಡಿಸಬಹುದು.

ನಮಗೆ ಕಂಡದ್ದು ಬೇಲಿ, ಒಂದು ಬಿಳಿ ಪರದೆ, ಹಿಂದೆ ಮಾಡಿನ ತುದಿ. ಅಷ್ಟೇ. ಒಳಗಿರುವುದು ಸೂರ್ಯದೇವತೆ ಅಮತೆರಾಸುವಿನ ಕನ್ನಡಿ, ಅದನ್ನು ಯಾರಿಗೂ ತೋರಿಸುವುದಿಲ್ಲ. ಎರಡು ಸಲ ಬಗ್ಗಿ, ಎರಡು ಚಪ್ಪಾಳೆ ತಟ್ಟಿ, ಮತ್ತೊಮ್ಮೆ ಬಗ್ಗಿದೆವು. "ಇಷ್ಟು ದೂರ ಬಂದವರಿಗೆ ನಮ್ಮಲ್ಲಾದರೆ ತೀರ್ಥ ಆದರೂ ಕೊಡ್ತಿದ್ರು" ಅಂದಳು ಅಮ್ಮ. ಈ ಒಂದು ವಿಷಯದಲ್ಲಿ ನಾನೂ ಅವಳ ಕಡೆಯೇ.

ಹೊಸದು ಮಾಡುವುದು ನಮಗೇನೂ ಗೊತ್ತಿಲ್ಲದ್ದಲ್ಲ. ನಮ್ಮ ದಕ್ಷಿಣ ಕನ್ನಡದಲ್ಲಿ ಹನ್ನೆರಡು ವರ್ಷಕ್ಕೊಮ್ಮೆ ಬ್ರಹ್ಮಕಲಶ, ಅದರ ಮೊದಲು ಜೀರ್ಣೋದ್ಧಾರ. ನಮ್ಮೂರ ದೇವಸ್ಥಾನದಲ್ಲಿ ಕಳೆದ ಸಲ ಸುತ್ತುಪೌಳಿಯ ಹಲಸಿನ ಕಂಬಗಳನ್ನು ಕಿತ್ತು ಕಾಂಕ್ರೀಟು ಹಾಕಿದರು. ಗೆದ್ದಲಿನ ಕಾಟ, ಪದೇ ಪದೇ ಖರ್ಚು ಬೇಡ, ಶಾಶ್ವತ ಕೆಲಸ ಆಗಲಿ ಎಂಬುದು ಲೆಕ್ಕ. ಆಮೇಲೆ ಆ ಕಾಂಕ್ರೀಟಿಗೆ ಮರದ ಬಣ್ಣ ಬಳಿದರು! ಕಂಬ ಕೆತ್ತುತ್ತಿದ್ದ ಆಚಾರಿ ಈಗ ಪ್ಲೈವುಡ್ಡಿನ ಕಪಾಟು ಮಾಡುತ್ತಾರೆ. ಶಾಶ್ವತ ಕಂಬ ಬಂದ ಮೇಲೆ ಅವರ ಮಗ ಉಳಿ ಹಿಡಿದು ಏನು ಮಾಡಬೇಕು?

ಜಪಾನಿನವರ ಹತ್ತಿರ ದುಡ್ಡಿದೆ ಅನ್ನಬಹುದು. ಇದೆ. ನಮ್ಮಲ್ಲೂ ಬ್ರಹ್ಮಕಲಶಕ್ಕೆ ದುಡ್ಡು ಸೇರದ್ದನ್ನು ನಾನಂತೂ ನೋಡಿಲ್ಲ. ಫ್ಲೆಕ್ಸುಗಳಿಗೇ ಎಷ್ಟು ಹೋಗುತ್ತದೋ. ಅವರಿಗಿರುವುದು ಮರದ ಯೋಚನೆ. ಮುಂದೆ ಬೇಕಾಗುವ ಹಿನೋಕಿಗಾಗಿ ಸುಮಾರು ನೂರು ವರ್ಷದ ಹಿಂದೆಯೇ ಗುಡಿಯ ಕಾಡಿನಲ್ಲಿ ಸಸಿ ನೆಡಲು ಶುರು ಮಾಡಿದರು. ಅದು ಇನ್ನೂರು ವರ್ಷದ ಲೆಕ್ಕಾಚಾರ.

ಬಿಚ್ಚಿದ ಮರವನ್ನೂ ಬಿಸಾಡುವುದಿಲ್ಲ. ಗುಡಿಗೆ ಹೋಗುವ ದಾರಿಯ ಉಜಿ ಸೇತುವೆಯ ಎರಡೂ ತುದಿಯ ತೋರಿಗಳು, ಅಂದರೆ ಆ ದೊಡ್ಡ ಮರದ ಹೆಬ್ಬಾಗಿಲುಗಳು, ಹಳೇ ಗುಡಿಯ ಕಂಬಗಳಿಂದಲೇ ಆದವು. ಅಮ್ಮ ಅದನ್ನು ಮುಟ್ಟಿ ನಮಸ್ಕಾರ ಮಾಡಿದಳು.

ಕಳೆದ ರಜೆಯಲ್ಲಿ ಊರಿಗೆ ಹೋದಾಗ ನೋಡಿದೆ. ನಮ್ಮ ಹಲಸಿನ ಕಂಬಗಳು ದೇವಸ್ಥಾನದ ಹಿಂದೆ ಮಳೆಗೆ ನೆನೆಯುತ್ತಾ ಬಿದ್ದಿದ್ದವು.