ರೋಬಸ್ಟಾ ದಾನಿಗಳಿಗೆ ಆದ ಅನ್ಯಾಯ

ನಮ್ಮ ಮನೆಯಲ್ಲಿ ಈಗ 11 ಶಾಲುಗಳಿವೆ. ಒಂದನ್ನೂ ಕಾಸು ಕೊಟ್ಟು ತಂದಿದ್ದಲ್ಲ. ಎಲ್ಲವೂ ಚಂದಾ ಎತ್ತಿ ಗಳಿಸಿದ್ದು.

ಮಡಿಕೇರಿ ಕಡೆಯ ಒಂದು ಸೇವಾ ಸಂಘಕ್ಕಾಗಿ ರಸೀದಿ ಪುಸ್ತಕ ಹಿಡಿದು ತಿರುಗುವವನು ನಾನು. ಹಾಸಿಗೆ ಹಿಡಿದವರ ಬೆನ್ನು ಹುಣ್ಣಾಗದ ಹಾಗೆ ವಾಟರ್ ಬೆಡ್ ಕೊಡಿಸೋದು ಈ ವರ್ಷದ ಕೆಲಸ. ಮೊದಲೆಲ್ಲ ಕೊಟ್ಟವರಿಗೆ ರಸೀದಿ, ಎತ್ತಿದವರಿಗೆ ಒಂದು ಲೋಟ ಕಾಫಿ, ಹೆಚ್ಚೆಂದರೆ ಒಂದು ಶಾಲು, ಅಷ್ಟೇ. ಈ ಸಲ ನಮ್ಮ ಕಾರ್ಯದರ್ಶಿ ಬೆಂಗಳೂರಲ್ಲಿ ಎರಡು ದಿನದ ತರಬೇತಿ ಮುಗಿಸಿ ಬಂದರು. 'ಜನರನ್ನು ಗುರುತಿಸಬೇಕು, ಆಗ ಹುರುಪು ಬರುತ್ತೆ' ಅಂದರು. ಇಲ್ಲಿ ಎಲ್ಲರ ಮನೆ ಹೆಸರೂ ಎಲ್ಲರಿಗೂ ಗೊತ್ತು, ಇನ್ನೇನು ಗುರುತಿಸೋದು ಅಂತ ಕೇಳಿದೆ. ನನ್ನ ಮಾತು ನಡಾವಳಿಯಲ್ಲೂ ಬರಲಿಲ್ಲ.

ದಾನಿಗಳಿಗೆ ದರ್ಜೆ ಬಂತು. ಚಿನ್ನ, ಬೆಳ್ಳಿ ಎಲ್ಲ ಬೇಡ, ಕೊಡಗಿನದ್ದೇ ಇರಲಿ ಅಂತ ಕಾಫಿ ಲೆಕ್ಕ ಹಿಡಿದರು. ಸಿಪ್ಪೆ ಸುಲಿದು ತೊಳೆದು ಒಣಗಿಸಿದ ಬೀಜ ಪಾರ್ಚ್‌ಮೆಂಟ್, ಹಣ್ಣನ್ನು ಇಡಿಯಾಗಿ ಒಣಗಿಸಿದ್ದು ಚೆರಿ. ರೂಢಿಯಲ್ಲಿ ರೇಟು ಜಾಸ್ತಿ ಇರೋ ಅರೇಬಿಕಾ ಜಾತಿ ಮೇಲೆ, ರೋಬಸ್ಟಾ ಜಾತಿ ಕೆಳಗೆ. 25,000 ರೂಪಾಯಿ ಕೊಟ್ಟವರು ಅರೇಬಿಕಾ ಪಾರ್ಚ್‌ಮೆಂಟ್ ದಾನಿ. 10,000ಕ್ಕೆ ಅರೇಬಿಕಾ ಚೆರಿ. 5,000ಕ್ಕೆ ರೋಬಸ್ಟಾ ಚೆರಿ. ಅದಕ್ಕೂ ಕಮ್ಮಿ ಕೊಟ್ಟವರು 'ಹಿತೈಷಿಗಳು'. ಜೊಳ್ಳು ಅಂತ ಬರೆಯೋಕೆ ಮರ್ಯಾದೆ ಅಡ್ಡ ಬಂದಿರಬೇಕು.

ಪಟ್ಟಿ ವಾಟ್ಸಾಪ್‌ಗೆ ಬಿದ್ದ ದಿನವೇ ಸಿದ್ದಾಪುರ ಕಡೆಯ ಬೆಳೆಗಾರರೊಬ್ಬರು ಫೋನ್ ಮಾಡಿದರು. 'ಏನ್ರೀ, ಕೊಡಗಲ್ಲಿ ಜಾಸ್ತಿ ಬೆಳೆಯೋದೇ ರೋಬಸ್ಟಾ. 2024ರಲ್ಲಿ ರೇಟು ಎಲ್ಲಿಗೆ ಹೋಯ್ತು ಅಂತ ನೋಡಿಲ್ವಾ? ನಮ್ಮನ್ನ ಯಾಕೆ ಕೆಳಗೆ ಹಾಕಿದ್ರಿ?' ನ್ಯಾಯವಾದ ಮಾತೇ. ತುರ್ತು ಸಭೆ ಕರೆದರು. ಎರಡೂವರೆ ಗಂಟೆ ಚರ್ಚೆ ನಡೆಯಿತು. ವಾಟರ್ ಬೆಡ್ ವಿಷಯ ಒಂದೇ ಸಲ ಬಂತು, ಅದೂ ವೇದಿಕೆಯಲ್ಲಿ ಎಲ್ಲಿಟ್ಟರೆ ಫೋಟೋಗೆ ಬೀಳುತ್ತೆ ಅಂತ. ಕೊನೆಗೆ ರೋಬಸ್ಟಾದವರಿಗೆ ಒಂದೊಂದು ಏಲಕ್ಕಿ ಹಾರ ಜಾಸ್ತಿ ಅಂತ ರಾಜಿಯಾಯಿತು.

ಪಾರ್ಚ್‌ಮೆಂಟ್ ದಾನಿಯೊಬ್ಬರು ನೋಟಿನ ಕಂತೆ ತಂದು 80ಜಿ ರಸೀದಿ ಕೇಳಿದರು. 2,000ಕ್ಕಿಂತ ಜಾಸ್ತಿ ನಗದು ಕೊಟ್ಟರೆ ತೆರಿಗೆ ವಿನಾಯಿತಿ ಸಿಗಲ್ಲ ಸಾರ್, ಚೆಕ್ ಕೊಡಿ ಅಂದೆ. 'ಅಷ್ಟು ಸಣ್ಣ ಚೀಟಿ ಹಿಂದಿನ ಸಾಲಿಗೆ ಕಾಣುತ್ತಾ?' ಅಂದರು. ಅದಕ್ಕೇ ಬಾಗಿಲಷ್ಟು ದೊಡ್ಡ ರಟ್ಟಿನ ಚೆಕ್ ಮಾಡಿಸಿದೆವು. ಖರ್ಚು ಸಂಘದ್ದು.

ಎತ್ತುವವರಿಗೂ ಪಂದ್ಯ. ಯಾರದು ಎಷ್ಟಾಯ್ತು ಅಂತ ದಿನಾ ರಾತ್ರಿ ಗುಂಪಿನಲ್ಲಿ ಪಟ್ಟಿ ಬರುತ್ತಿತ್ತು. ಒಂದು ರಾತ್ರಿ ನನ್ನ ಹಿಂದಿದ್ದವರು ತಮ್ಮ ಜೇಬಿನಿಂದಲೇ 500 ಹಾಕಿ ಮುಂದೆ ಹೋದರು. ನಾನು ಬಿಡ್ತೀನಾ? ಹೆಂಡತಿ ಹೆಸರಲ್ಲಿ 501 ಬರೆದೆ. ಅವಳಿನ್ನೂ ನನ್ನ ಜೊತೆ ಮಾತಾಡುತ್ತಿಲ್ಲ.

2018ರ ಆಗಸ್ಟಿನಲ್ಲಿ ಗುಡ್ಡ ಕುಸಿದಾಗ ಯಾರು ಯಾರಿಗೆ ಗಂಜಿ ಬಡಿಸಿದರು ಅಂತ ಇಲ್ಲಿ ಯಾರೂ ಬರೆದಿಡಲಿಲ್ಲ. ಕಾರ್ಯದರ್ಶಿಗೆ ಇವತ್ತಿಗೂ ಆ ಕೊರಗು. 'ಎಷ್ಟು ಜನಕ್ಕೆ ಸನ್ಮಾನ ಮಾಡಬಹುದಿತ್ತು' ಅನ್ನುತ್ತಾರೆ.

ಸಮಾರಂಭದಲ್ಲಿ 43 ಜನಕ್ಕೆ ಸನ್ಮಾನ. ಮೈಸೂರು ಪೇಟ ಎಲ್ಲರಿಗೂ ಒಂದೇ ಅಳತೆಯದು, ನನ್ನದು ಕಣ್ಣಿನವರೆಗೆ ಇಳಿಯಿತು. ಗಾಜಿನ ಪೆಟ್ಟಿಗೆಯೊಳಗೆ ಪ್ಲಾಸ್ಟಿಕ್ ಪೀಚೆಕತ್ತಿ, ಕೊಡವರು ಸೊಂಟಕ್ಕೆ ಸಿಕ್ಕಿಸೋ ಕಿರುಗತ್ತಿ. ಹಣ್ಣಿನ ಬುಟ್ಟಿ ಮಾತ್ರ ಒಂದೇ. ಫೋಟೋ ತೆಗೆದ ಕೂಡಲೇ ಒಬ್ಬ ಹುಡುಗ ಬಂದು ಈಸಿಕೊಂಡು ಮುಂದಿನವರ ಕೈಗೆ ಇಡುತ್ತಿದ್ದ. ನನ್ನ ಸರದಿ ಬರುವಷ್ಟರಲ್ಲಿ ಒಂದು ಸೇಬು ಕಮ್ಮಿಯಾಗಿತ್ತು. ಶಾಲಿನ ಅಂಚಿನಲ್ಲಿ ಅರಿಸಿನದ ಕಲೆ. ಎಲ್ಲೋ ನೋಡಿದ ಹಾಗಿದೆಯಲ್ಲ ಅಂದುಕೊಂಡೆ. ಹೋದ ವರ್ಷ ನಾನೇ ಒಬ್ಬರು ಮೇಷ್ಟ್ರಿಗೆ ಹೊದಿಸಿದ ಶಾಲು!

ಎಲ್ಲ ಖರ್ಚು ಕಳೆದ ಮೇಲೆ ಉಳಿದ ದುಡ್ಡಿಗೆ 4 ಬೆಡ್ ಬಂತು. ಗುರಿ ಇದ್ದದ್ದು 20.

ಮರುದಿನ ತೋಟದ ಕೆಲಸದವರಿರುವ ಲೈನ್ ಮನೆಯ ಅಕ್ಕ ಸಿಕ್ಕಿದರು. ಐವತ್ತು ರೂಪಾಯಿ ಕೊಟ್ಟವರು, ಅಂದರೆ ಹಿತೈಷಿಗಳು. 'ಬೆಡ್ ಬಂತಾ ಸಾರ್? ಯಾರ ಮನೆಗೆ ಕೊಟ್ರಿ?' ಅಂತ ಕೇಳಿದರು. ಅಷ್ಟು ದಿನದಲ್ಲಿ ಇದನ್ನು ಕೇಳಿದವರು ಅವರೊಬ್ಬರೇ. ಮಾತು ತೇಲಿಸೋಕೆ ಶಾಲು ತೋರಿಸಿದೆ. ಅಕ್ಕ ಅದನ್ನು ಬೆರಳಲ್ಲಿ ಉಜ್ಜಿ ನೋಡಿದರು.

'ಮಳೆಗಾಲದಲ್ಲಿ ಇದು ಒಣಗಲ್ಲ, ಬೂಷ್ಟು ಹಿಡಿಯುತ್ತೆ. ಜೂನ್ ಒಳಗೆ ಯಾರಿಗಾದ್ರೂ ಹೊದಿಸಿಬಿಡಿ ಸಾರ್.'